ನೋಡಲು ಮಾತ್ರ

ಆ ಶುಕ್ರವಾರ ಬೆಳಗ್ಗೆ ಹೊಸ್ತಿಲು ತೊಳೆದು, ನಾಲ್ಕೆಳೆಯ ಸಣ್ಣದೊಂದು ರಂಗೋಲಿ ಬಿಟ್ಟು, ಒಳಗೆ ಬಂದು ಹಾಲಿಟ್ಟೆ. ಪಕ್ಕದ ಒಲೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ. ನಮ್ಮ ಮನೆಯವರು ಮದ್ದೂರಿನಿಂದ ಮಂಡ್ಯಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಸಂಬಳಗಾರರು. ಅವರ ಡಬ್ಬಿಯ ಮುಚ್ಚಳ ಸಡಿಲ, ಸುತ್ತ ಒಂದು ಕರ್ಚೀಫು ಬಿಗಿಯಬೇಕು. ಬಿಗಿದು ಕೊಟ್ಟೆ. ಚಪ್ಪಲಿ ಮೆಟ್ಟುತ್ತಾ "ಗೇಟು ಹಾಕ್ಕೋ" ಅಂದರು. ಹಾಕಿಕೊಂಡು ಬಂದು, ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು, ಮಿಕ್ಸಿಯ ಪ್ಲಗ್ಗಿನಲ್ಲಿ ಚಾರ್ಜಿಗಿಟ್ಟಿದ್ದ ಫೋನು ಕಿತ್ತು ತರಗತಿಯ ಫೋಲ್ಡರು ತೆರೆದೆ. ಹೆಪ್ಪು ಹಾಕಿದ ಮೊಸರು ಕೂತಿದೆಯೋ ಎಂದು ಪಾತ್ರೆಯನ್ನು ಸ್ವಲ್ಪ ಅಲುಗಿಸಿ ನೋಡುತ್ತೇವಲ್ಲ, ಅಂಥದೇ ಅಭ್ಯಾಸ. ಬೆಳಗ್ಗೆ ಒಂದು ಸಲ ನೋಡದಿದ್ದರೆ ಸಮಾಧಾನವಿಲ್ಲ.

ತರಗತಿ ಎಂದರೆ ದೊಡ್ಡದೇನಲ್ಲ. ನಮ್ಮ ಬೀದಿಯಿಂದ ಹತ್ತು ನಿಮಿಷ ನಡೆದರೆ ಒಂದು ಬಿತ್ತನೆ ಬೀಜದ ಅಂಗಡಿ, ಅದರ ಮಹಡಿಯಲ್ಲಿ ಹೆಂಗಸರ ತರಬೇತಿ ಕೇಂದ್ರ. ಮೊದಲು ಬರೀ ಹೊಲಿಗೆ ಇತ್ತು. ಆಮೇಲೆ ಯಾರೋ ಆರು ಕಂಪ್ಯೂಟರು ದಾನ ಕೊಟ್ಟರು, ಡಿಸೈನು ಕಲಿಸುವುದು ಶುರುವಾಯಿತು: ಲಗ್ನಪತ್ರಿಕೆ, ಅಂಗಡಿಯ ಬೋರ್ಡು, ಪ್ಯಾಕೆಟ್ಟಿನ ಚೀಟಿ. ನಾನು ಹೋಗಿದ್ದು ರವಿಕೆಯ ಕುತ್ತಿಗೆ ವಿನ್ಯಾಸ ಕಲಿಯಲು. ಇಂಗ್ಲಿಷ್ ಓದುತ್ತೇನೆ ಎಂದು ತಿಳಿದ ಮೇಲೆ ಪಾಠ ಹೇಳುವ ಹುಡುಗಿಯ ಜೊತೆಗೆ ನನ್ನನ್ನೂ ನಿಲ್ಲಿಸಿಕೊಂಡರು. ಚಿತ್ರ ಬಿಡಿಸುವುದು ಅವಳ ಪಾಠ, ಫೈಲುಗಳು ನನ್ನ ಪಾಲು.

ಹನ್ನೊಂದು ಜನ ಹೆಂಗಸರು, ಆರು ಕಂಪ್ಯೂಟರು. ಇವತ್ತು ಕೂತ ಕಂಪ್ಯೂಟರು ನಾಳೆ ಸಿಗುವುದಿಲ್ಲ. ಅದಕ್ಕೇ ಎಲ್ಲರ ಕೆಲಸವೂ ಇಂಟರ್ನೆಟ್ಟಿನಲ್ಲಿ, ನನ್ನ ಹೆಸರಿನ ಒಂದು ಖಾತೆಯಲ್ಲಿ ಇರುತ್ತಿತ್ತು. ಲಿಂಕು ಇದ್ದರೆ ಎಲ್ಲಿಂದ ಬೇಕಾದರೂ, ಫೋನಿನಿಂದಲೂ ತೆರೆಯಬಹುದು. ಯಾರು ಬರೀ ನೋಡಬಹುದು, ಯಾರು ಮುಟ್ಟಿ ತಿದ್ದಬಹುದು ಎಂದು ಗೊತ್ತು ಮಾಡುವವಳು ನಾನು. ಅವರವರ ಫೈಲನ್ನು ಅವರವರು ತಿದ್ದಬಹುದು, ಮಿಕ್ಕವರಿಗೆ 'ನೋಡಲು ಮಾತ್ರ'. ಇಷ್ಟೇ ಕಾನೂನು. ಮಂಡ್ಯದ ಕಾನ್ವೆಂಟಿನಲ್ಲಿ ಓದಿದವಳಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಪಕ್ಕದವಳ ಡೆಸ್ಕಿನ ಮುಚ್ಚಳ ಎತ್ತುವ ಮೊದಲು ಕೇಳಬೇಕು ಎಂದು ಸಿಸ್ಟರು ನಮಗೆ ಒಂದನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು. ದೊಡ್ಡವರಿಗೆ ಎದುರು ನಿಂತು ಇಲ್ಲ ಅನ್ನಬಾರದು ಎಂದೂ ಹೇಳಿಕೊಟ್ಟಿದ್ದರು. ಎರಡನೆಯದನ್ನು ನಾನು ಸ್ವಲ್ಪ ಜಾಸ್ತಿಯೇ ಕಲಿತೆ.

ಆ ಶುಕ್ರವಾರ ಹನ್ನೊಂದು ಗಂಟೆಗೆ ಮಂಡ್ಯದ ಒಂದು ಬೆಲ್ಲದ ಪ್ಯಾಕಿಂಗ್ ಘಟಕದಿಂದ ಒಬ್ಬ ಮೇಡಂ ಬರುವವರಿದ್ದರು. ಹನ್ನೊಂದು ಜನರೂ ಬೆಲ್ಲದ ಪ್ಯಾಕೆಟ್ಟಿಗೆ ಒಂದೊಂದು ಚೀಟಿ ಮಾಡಿದ್ದರು. ಯಾರದು ಒಪ್ಪಿಗೆಯಾಗುತ್ತದೋ ಅವರದು ಅಚ್ಚಾಗುತ್ತದೆ, ಮಾಡಿದವಳಿಗೆ ಘಟಕದಲ್ಲೇ ಚೀಟಿ ಬಿಡಿಸುವ ಕೆಲಸ. ನಮ್ಮಲ್ಲಿ ಆ ಕೆಲಸ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದು ಕೆರಗೋಡಿನಿಂದ ಬರುತ್ತಿದ್ದ ಒಬ್ಬಳಿಗೆ. ಇಪ್ಪತ್ತಾರು ವರ್ಷ, ಒಂದು ಮಗು. ಕೆರಗೋಡಿನಿಂದ ಮಂಡ್ಯಕ್ಕೆ ಒಂದು ಬಸ್ಸು, ಮಂಡ್ಯದಿಂದ ಇಲ್ಲಿಗೆ ಇನ್ನೊಂದು. ಅತ್ತೆ ಮನೆಯಲ್ಲಿ ಖಡಾಖಂಡಿತ ಹೇಳಿಬಿಟ್ಟಿದ್ದರು: ಈ ಶುಕ್ರವಾರ ಏನಾದರೂ ಆದರೆ ಸರಿ, ಆಗದಿದ್ದರೆ ಮದ್ದೂರಿನ ಓಡಾಟ ಅಲ್ಲಿಗೆ ಮುಗಿಯಿತು. ಇದನ್ನು ಅವಳು ಗೋಳಿನಂತೆ ಹೇಳಿದವಳಲ್ಲ. ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದ್ದಳು.

ಅವಳು ಬಿಡಿಸಿದ್ದು ಕಬ್ಬಿನ ಗರಿ. ಎಲ್ಲರೂ ಕಬ್ಬಿನ ಜಲ್ಲೆ ಬಿಡಿಸುತ್ತಾರೆ, ಇವಳು ಗರಿ ಹಿಡಿದಳು. ಮೂರು ಗರಿ, ನಡುವೆ ಒಂದು ಅಚ್ಚು ಬೆಲ್ಲ. ಗರಿಯ ಅಂಚಿನಲ್ಲಿ ಕಣ್ಣಿಗೆ ಕಂಡೂ ಕಾಣದ ಗರಗಸದ ಹಲ್ಲು. ಇಷ್ಟು ಸಣ್ಣ ಹಲ್ಲು ಪ್ಯಾಕೆಟ್ಟಿನ ಮೇಲೆ ಯಾರಿಗೆ ಕಾಣುತ್ತದೆ ಎಂದು ಕೇಳಿದೆ.

"ಕಂಡ್ರೆ ಕಾಣ್ಲಿ, ಬುಟ್ರೆ ಬುಡ್ಲಿ ಅಕ್ಕ. ಕೊಯ್ಸ್ಕೊಂಡೋರ್ಗೆ ಗೊತ್ತಾಯ್ತದೆ" ಅಂದಳು.

ಅವಳ ಮುಂಗೈ ಮೇಲೆ ಅಂಥ ಗೀರುಗಳು ಎಷ್ಟೋ ಇದ್ದವು, ಬಿಳಿಚಿಕೊಂಡ ಸಣ್ಣ ಗೆರೆಗಳು. ಗುರುವಾರ ಸಂಜೆ ಆರರ ಹೊತ್ತಿಗೆ ಮುಗಿಸಿ, ಪರದೆಯಿಂದ ಎರಡು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿ, ಬಸ್ಸಿಗೆ ಓಡಿದಳು.

ಶುಕ್ರವಾರ ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡು ನಾನು ತೆರೆದಿದ್ದು ಅದೇ ಫೈಲು.

ಬೆಲ್ಲದ ಅಚ್ಚು ಇದ್ದ ಜಾಗದಲ್ಲಿ ಒಬ್ಬ ಗಂಡಸಿನ ಮುಖ. ಕೈ ಮುಗಿದಿದ್ದಾನೆ, ಸುತ್ತ ಚಿನ್ನದ ಬಣ್ಣದ ಚೌಕಟ್ಟು. ಗರಿಗಳನ್ನು ಎಳೆದು ಬಗ್ಗಿಸಿ ಅವನ ತಲೆಯ ಹಿಂದೆ ಪ್ರಭಾವಳಿ ಮಾಡಿದ್ದಾರೆ. ಕೆಳಗೆ 'ಶುಭ ಕೋರುವವರು' ಎಂದು ಬರೆದು ಸಾಲಾಗಿ ತಲೆಗಳು. ಕಪ್ಪು ಕನ್ನಡಕದ ತಲೆ, ಫೋನು ಕಿವಿಗಿಟ್ಟುಕೊಂಡ ತಲೆ, ಯಾವುದೋ ಮದುವೆಯ ಫೋಟೋದಿಂದ ಕತ್ತರಿಸಿ ತಂದು ಪಕ್ಕದವರ ಅರ್ಧ ಕಿವಿಯೂ ಜೊತೆಗೆ ಬಂದಿರುವ ತಲೆ. ಎಣಿಸಲು ಹೋಗಿ ಬಿಟ್ಟೆ, ಏಕೆಂದರೆ ನಾನು ನೋಡುತ್ತಿರುವಾಗಲೇ ಇನ್ನೊಂದು ತಲೆ ಬಂದು ಕೂತಿತು. ಫೈಲಿನೊಳಗೆ ಆಗ ಯಾರು ಯಾರು ಇದ್ದಾರೋ ಅವರ ಬೆರಳು ಒಂದೊಂದು ಬಣ್ಣದ ಬಾಣವಾಗಿ ಕಾಣಿಸುತ್ತದೆ. ಬಿಡಿಸಿಟ್ಟ ಹಲಸಿನ ತೊಳೆಯ ಮೇಲೆ ನೊಣ ಓಡಾಡಿದ ಹಾಗೆ ಅವು ಓಡಾಡುತ್ತಿದ್ದವು.

ಪಕ್ಕದ ಪಟ್ಟಿಯಲ್ಲಿ ಮಾತುಗಳು. "ಅಣ್ಣನ ಮೊಖ ಇನ್ನೂ ದೊಡ್ಡದು ಮಾಡ್ರೋ." "ನಂದು ಎಡಕ್ಕೆ ಬೇಡ ಬಲಕ್ಕೆ ಹಾಕಿ." ಮೂಲೆಯಲ್ಲಿ ಕೆರಗೋಡಿನವಳ ಬೆರಳುಗುರಿನಷ್ಟು ಫೋಟೋ ಇತ್ತು, ಫೈಲು ಮಾಡಿದವಳು ಇವಳು ಎಂದು ತೋರಿಸುವುದಕ್ಕೆ. ಅದನ್ನು ನೋಡಿ ಮೂರು ಜನ ಮೂರು ಮಾತು ಬರೆದಿದ್ದರು. ಅವನ್ನು ಇಲ್ಲಿ ಬರೆಯಲಾರೆ. ಓದಿದ ಮೇಲೆ ನಲ್ಲಿ ಬಿಟ್ಟು ಕೈ ತೊಳೆದುಕೊಂಡೆ. ಫೋನು ಮುಟ್ಟಿದ್ದಕ್ಕೆ ಯಾರಾದರೂ ಕೈ ತೊಳೆಯುತ್ತಾರೆಯೇ? ನಾನು ಸೋಪು ಹಾಕಿ ತೊಳೆದೆ. ಉಣ್ಣುವವರ ಮುಂದಿದ್ದ ಪಾತ್ರೆಗೆ ಬೀದಿಯವರೆಲ್ಲ ಬಂದು ಎಂಜಲು ಕೈ ಅದ್ದಿ ಹೋದಂತಿತ್ತು. ಕಾಫಿ ಕುಡಿಯಲಾಗಲಿಲ್ಲ, ಸಿಂಕಿಗೆ ಸುರಿದೆ.

ಇದು ಹೇಗಾಯಿತು ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ಬಾಗಿಲು ತೆರೆದವಳು ನಾನೇ.

ನಮ್ಮ ಕೇಂದ್ರದ ಅಧ್ಯಕ್ಷರಿಗೆ ಮಳವಳ್ಳಿಯಲ್ಲಿ ಒಬ್ಬ ಬಾಮೈದ. ಯಾವುದೋ ಸಂಘದ ಚುನಾವಣೆಗೆ ನಿಂತಿದ್ದ. ಬುಧವಾರ ನಾಲ್ಕು ಜನರನ್ನು ಕಟ್ಟಿಕೊಂಡು ತರಗತಿ ನೋಡಲು ಬಂದ. ಗರಿಯ ಚಿತ್ರದ ಮುಂದೆ ನಿಂತು "ಇದು ಪಸಂದಾಗದೆ, ನಂಗೂ ಒಂದು ಕಳ್ಸಿ" ಅಂದ. ಕೆರಗೋಡಿನವಳ ಮುಖ ಅರಳಿತು. ನಾನು ರೂಢಿಯಂತೆ 'ನೋಡಲು ಮಾತ್ರ' ಎಂದು ಅವನ ಫೋನಿಗೆ ಲಿಂಕು ಕಳಿಸಿದೆ. ಹತ್ತು ನಿಮಿಷಕ್ಕೆ ಅಧ್ಯಕ್ಷರು ನನ್ನನ್ನು ಬಾಗಿಲ ಹೊರಗೆ ಕರೆದರು.

"ಏನಮ್ಮ, ನೋಡಕ್ ಮಾತ್ರ ಅಂತ ಬತ್ತಾ ಅದಂತಲ್ಲ ಅವನ್ಗೆ? ಮನೆಗ್ ಬಂದ ಬೀಗ್ರನ್ನ ಜಗುಲೀಲೇ ಕೂರ್ಸಿ, ಒಳಗ್ ಬರ್ಬೇಡಿ, ಕಿಟಕೀಲ್ ನೋಡ್ಕೊಂಡ್ ಓಗಿ ಅಂದಂಗಾಯ್ತದೆ."

"ಅದು ಎಲ್ಲರಿಗೂ ಹಾಗೇ ಸಾರ್. ಬೇರೆಯವರು ಅಕಸ್ಮಾತ್ ಕೈ ತಾಗಿಸಬಾರದು ಅಂತ."

"ಅವ್ನೇನು ಬ್ಯಾರೆಯೋನಾ? ಪೂರಾ ಕೊಟ್ಬುಡು. ಅವನೇನು ಕೂತ್ಕಂಡ್ ತಿದ್ದಾನಾ? ಮರ್ಯಾದೆ ಕಣಮ್ಮ, ಮರ್ಯಾದೆ."

ನಮ್ಮ ಕಡೆಯ ಮರ್ಯಾದೆಯೇ ಹಾಗೆ. ಊಟಕ್ಕೆ ಕರೆದರೆ ಸಾಲದು, ಅಡುಗೆಮನೆಯವರೆಗೂ ಬಿಟ್ಟುಕೊಳ್ಳಬೇಕು. ಇಷ್ಟಾದರೂ ಆ ಬಾಮೈದನಿಗೆ ತನ್ನ ಇಮೇಲು ಯಾವುದೆಂದೇ ಗೊತ್ತಿರಲಿಲ್ಲ. ಹೆಸರು ಹಾಕಿ ಒಬ್ಬನಿಗೇ ಕೊಡುವ ದಾರಿ ಇರಲಿಲ್ಲ. ಲಿಂಕು ಸಿಕ್ಕವರು ಯಾರಾದರೂ ತಿದ್ದಬಹುದು ಎಂಬ ಇನ್ನೊಂದು ದಾರಿ ಇದೆ. ಅದು ಕೆಟ್ಟದ್ದು ಎಂದು ನನಗೆ ಗೊತ್ತು. ಹನ್ನೊಂದು ಜನರಿಗೂ ಅದನ್ನು ಮುಟ್ಟಬೇಡಿ ಎಂದು ಮೂರು ತಿಂಗಳು ಹೇಳಿದವಳು ನಾನು. ಅಧ್ಯಕ್ಷರು ಎದುರಿಗೆ ನಿಂತಿದ್ದರು, ನಾನು "ಆಯ್ತು ಸಾರ್" ಅಂದೆ. ಒತ್ತಿದೆ. ಗುರುವಾರ ರಾತ್ರಿ ಅವನು ಅದನ್ನು ತನ್ನ ಗ್ರೂಪಿಗೆ ಹಾಕಿದ. ಗ್ರೂಪಿನವರು ತಮ್ಮ ತಮ್ಮ ಗ್ರೂಪಿಗೆ ಹಾಕಿದರು.

ಒಂಬತ್ತಕ್ಕೆ ಮೊದಲೇ ಕೇಂದ್ರಕ್ಕೆ ಓಡಿದೆ. ಕೆರಗೋಡಿನವಳು ಮಾಮೂಲಿಗಿಂತ ಒಂದು ಬಸ್ಸು ಮುಂಚೆ ಬಂದು, ತಲೆ ತುಂಬ ಕನಕಾಂಬರ ಮುಡಿದು, ಆಗಲೇ ಪರದೆಯ ಮುಂದೆ ಕೂತಿದ್ದಳು. ಇಸ್ತ್ರಿ ಮಾಡಿದ ಸೀರೆ. ನನ್ನನ್ನು ಕಂಡು ಎದ್ದು ನಿಂತಳು.

"ಅಕ್ಕ, ನನ್ ಗರಿ ಎಲ್ಲೋದೋ?"

ಪಕ್ಕದಲ್ಲಿ ಮಳವಳ್ಳಿಯ ಟೈಲರಮ್ಮ, ಬಾಯಿ ಸ್ವಲ್ಪ ಜೋರು. "ಎಲ್ಲೂ ಓಗಿಲ್ಲ ಕಣೇ, ಅಣ್ಣನ್ ಬುಳ್ಡೆ ಇಂದೆ ಅವೆ ನೋಡು. ಕೊಂಬು ಬಂದಂಗದೆ."

ಎಲ್ಲರೂ ನಕ್ಕರು. ಇವಳೂ ನಗಲು ನೋಡಿದಳು. ಆಗಲಿಲ್ಲ.

ಹಳೆಯ ಪ್ರತಿಗಳನ್ನು ಫೈಲು ತಾನೇ ನೆನಪಿಟ್ಟುಕೊಂಡಿರುತ್ತದೆ. ಗುರುವಾರ ಸಂಜೆ ಆರರದು ಹುಡುಕಿ ಹಿಂದಕ್ಕೆ ತಂದೆ. ಮುಖಗಳೆಲ್ಲ ಮಾಯವಾಗಿ ಮೂರು ಗರಿ, ಒಂದು ಅಚ್ಚು ಬೆಲ್ಲ. ಅವಳು ಉಸಿರು ಬಿಟ್ಟಳು. ಅಷ್ಟರಲ್ಲಿ ಬೆಲ್ಲದ ಮೇಲೆ ಕಪ್ಪು ಕನ್ನಡಕದವನು ಮತ್ತೆ ಬಂದು ಕೂತ. ಪಕ್ಕದ ಪಟ್ಟಿಯಲ್ಲಿ ಮಾತು ಬಿತ್ತು: "ಯಾವನ್ಲಾ ಅವ್ನು ನನ್ ಫೋಟೋ ತೆಗ್ದೋನು?" ನಾನು ತೆಗೆದೆ. ಅವನು ಹಾಕಿದ. ನಾನು ತೆಗೆದೆ. ಇಬ್ಬರು ಹಾಕಿದರು.

ಅಷ್ಟು ಹೊತ್ತಿಗೆ ಅಧ್ಯಕ್ಷರು ಬಂದರು. ಅವರಿಗೊಂದು ಅಭ್ಯಾಸ, ಏನು ಮುಟ್ಟಬೇಕಾದರೂ ಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುವುದು. ಕಾಗದ ತಿರುಗಿಸುವುದಕ್ಕೆ ಕಲಿತದ್ದು, ಈಗ ಪರದೆಗೂ ಅದೇ. ಒದ್ದೆ ಬೆರಳನ್ನು ಬಾಮೈದನ ಮುಖದ ಮೇಲಿಟ್ಟು, "ಚೆನ್ನಾಗೇ ಅದಲ್ಲಮ್ಮ. ಬರೀ ಗರಿ ಇತ್ತು, ಈಗೊಂದ್ ಕಳೆ ಬಂತು" ಅಂದರು. ಬೆರಳು ತೆಗೆದ ಮೇಲೆ ಗಾಜಿನ ಮೇಲೆ ಒಂದು ಮಸುಕು ಚುಕ್ಕೆ ಉಳಿಯಿತು. ನಾನು ಅದನ್ನೇ ನೋಡುತ್ತಿದ್ದೆ.

"ಸಾರ್, ಇದು ಬೆಲ್ಲದ ಚೀಟಿ. ಇವಳು ಮೂರು ತಿಂಗಳು ಮಾಡಿದ್ದು. ಇನ್ನೆರಡು ಗಂಟೆಯಲ್ಲಿ ಮೇಡಂ ಬರುತ್ತಾರೆ. ನಾನು ಎಲ್ಲರನ್ನೂ ಹೊರಗೆ ಹಾಕಬೇಕು."

"ಎಲ್ಲಾರ್ನೂವಾ? ನಮ್ಮೋನ್ನೂವಾ?"

"ಎಲ್ಲರನ್ನೂ."

"ಬ್ಯಾಡ. ಬೇಜಾರ್ ಮಾಡ್ಕತಾನೆ. ಅಂಗೇ ತೋರ್ಸು, ಆಯಮ್ಮ ಏನ್ ಬ್ಯಾಡ ಅಂದಾಳಾ?"

ಆ ಚುಕ್ಕೆಯನ್ನು ನನ್ನ ಸೆರಗಿನಿಂದ ಒರೆಸಬೇಕು ಎನಿಸಿತು, ಸೆರಗು ಮುಟ್ಟಿಸಲು ಮನಸ್ಸಾಗಲಿಲ್ಲ. ಕೆರಗೋಡಿನವಳು ಆ ಮೂರು ಜನ ಬರೆದ ಮಾತುಗಳನ್ನು ಓದುತ್ತಿದ್ದಳು, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು, ತುಟಿ ಅಲ್ಲಾಡಿಸುತ್ತಾ. ಅವನ್ನು ಅಳಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮೊದಲು ಅವನ್ನು ಅಳಿಸಿದೆ. ಆಮೇಲೆ, ಜೀವಮಾನದಲ್ಲಿ ಮೊದಲ ಸಲವೋ ಏನೋ, ದೊಡ್ಡವರೊಬ್ಬರು ಎದುರಿಗಿರುವಾಗ ಅವರು ಬೇಡ ಅಂದದ್ದನ್ನು ಮಾಡಿದೆ. ಲಿಂಕು ಮುಚ್ಚಿದೆ. ಪಟ್ಟಿಯಲ್ಲಿದ್ದ ಹೆಸರುಗಳನ್ನೆಲ್ಲ ಒಟ್ಟಿಗೆ ಗುರುತು ಮಾಡಿ ತೆಗೆದುಹಾಕಿದೆ. ಬಣ್ಣದ ಬಾಣಗಳು ಒಂದೊಂದಾಗಿ ಆರಿದವು. ಗುರುವಾರ ಸಂಜೆಯ ಪ್ರತಿಯನ್ನು ಮತ್ತೆ ಹಿಂದಕ್ಕೆ ತಂದೆ.

ಎರಡು ನಿಮಿಷಕ್ಕೆ ಅಧ್ಯಕ್ಷರ ಫೋನು ಬಡಿದುಕೊಂಡಿತು. ಬಾಮೈದನ ದನಿ ಕೋಣೆಗೆಲ್ಲ ಕೇಳಿಸಿತು.

"ಏನ್ ಬಾವ, ನಮ್ಮನ್ನೇ ಆಚಿಕ್ ನೂಕ್ಬುಟ್ರಲ್ಲ! ಪರ್ಮಿಸನ್ ಕೇಳು ಅಂತದೆ! ನಾವೇನು ತಿರುಪೆ ಎತ್ತಕ್ ಬಂದೋರಾ?"

ಅಧ್ಯಕ್ಷರು ನನ್ನನ್ನು ಒಂದು ಸಲ ನೋಡಿ, ಫೋನಿಗೆ ಅಂಗೈ ಅಡ್ಡ ಹಿಡಿದು ಮೆಟ್ಟಿಲಿಳಿದು ಹೋದರು. ಟೈಲರಮ್ಮ ಮೆಲ್ಲಗೆ "ಅಯ್ಯೋ, ಬಾವನ್ ಕಿವಿ ಸುಟ್ಟೋಯ್ತದೆ" ಅಂದಳು. ಈ ಸಲ ಕೆರಗೋಡಿನವಳು ನಿಜವಾಗಿ ನಕ್ಕಳು. ಕುಂಕುಮ ಸರಿಮಾಡಿಕೊಂಡಳು.

ಮೇಡಂ ಬಂದಾಗ ಹನ್ನೊಂದೂ ಇಪ್ಪತ್ತು. ದಾರಿಯಲ್ಲಿ ಗಾಡಿ ಕೆಟ್ಟಿತಂತೆ, ಬೆವರು ಒರೆಸಿಕೊಂಡು ಕೂತು ನೀರು ಕೇಳಿದರು. ಒಂದೊಂದೇ ಚೀಟಿ ತೋರಿಸಿದೆ. ಗರಿಗೆ ಬಂದಾಗ ಮುಂದಕ್ಕೆ ಬಾಗಿದರು. ದೊಡ್ಡದು ಮಾಡಿ ಎಂದರು. ಮಾಡಿದೆ. ಗರಗಸದ ಹಲ್ಲು ಕಂಡಿತು.

"ಅಬ್ಬ, ಇದು ಕೈ ಕೊಯ್ಯುತ್ತೆ" ಅಂದರು.

ನನ್ನ ಪಕ್ಕದಲ್ಲಿ ನಿಂತಿದ್ದವಳು ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೇಡಂ ಮತ್ತೊಮ್ಮೆ ನೋಡಿದರು, ಹುಬ್ಬು ಗಂಟಿಕ್ಕಿದರು, ಚೀಲದಿಂದ ಫೋನು ತೆಗೆದು ಬೆರಳಾಡಿಸಿ ನಮ್ಮ ಕಡೆ ತಿರುಗಿಸಿದರು. ಅದೇ ಗರಿ, ಅದರ ಮುಂದೆ ಕೈ ಮುಗಿದ ಆ ಮುಖ.

"ಬೆಳಗ್ಗೆಯಿಂದ ಮೂರು ಜನ ಕಳಿಸಿದ್ದಾರೆ ನನಗೆ. ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡೆ."

ನಾನು ಎಲ್ಲವನ್ನೂ ಹೇಳಿದೆ. ಹಳೆಯ ಪ್ರತಿಗಳನ್ನು ತೆಗೆದು ತೋರಿಸಿದೆ: ಈ ದಿನ ಮೊದಲ ಗರಿ, ಈ ದಿನ ಎರಡನೆಯದು, ಗುರುವಾರ ಸಂಜೆ ಆರಕ್ಕೆ ಮುಗಿದದ್ದು. ಅವರು ತಾಳ್ಮೆಯಿಂದ ಕೇಳಿದರು.

"ಇವಳದೇ ಅಂತ ನನಗೆ ಗೊತ್ತಾಯ್ತು ಬಿಡಿ. ಅಂಗಡಿಯಲ್ಲಿ ಪ್ಯಾಕೆಟ್ ಎತ್ತಿಕೊಳ್ಳೋರಿಗೆ ಇದನ್ನೆಲ್ಲ ಯಾರು ತೋರಿಸ್ತಾರೆ? ಓ, ಇದು ಆ ಯಪ್ಪನ ಬೆಲ್ಲ ಅಂತಾರೆ. ಓಟು ಹಾಕೋನು ತಗೋತಾನೆ, ಹಾಕದೋನು ವಾಪಸ್ ಇಡ್ತಾನೆ. ನಮಗೆ ಇಬ್ಬರೂ ಬೇಕಲ್ಲ."

ಅವರು ಒಪ್ಪಿದ್ದು ಟೈಲರಮ್ಮನ ಚೀಟಿ. ಒಂದು ಮಡಕೆ, ಮೇಲೆ ದಪ್ಪ ಅಕ್ಷರ. ಕೆಟ್ಟದ್ದೇನಲ್ಲ. ಟೈಲರಮ್ಮ ಬಾಯಿ ತೆರೆದು ಏನಾದರೂ ಹೇಳುತ್ತಾಳೆ ಎಂದುಕೊಂಡೆ. ಅವಳು ತಲೆ ತಗ್ಗಿಸಿ ಸೂಜಿಪಿನ್ನು ತಿರುವುತ್ತಾ ಕೂತಿದ್ದಳು, ಕೆರಗೋಡಿನವಳ ಕಡೆ ನೋಡಲಿಲ್ಲ.

ಮಧ್ಯಾಹ್ನ ಎಲ್ಲ ಹೋದ ಮೇಲೆ ಕೆರಗೋಡಿನವಳು ತನ್ನ ಚೀಲ ಜೋಡಿಸಿಕೊಂಡಳು. ನಾನು ಅವಳ ಕೈ ಹಿಡಿದು, ತಪ್ಪು ನನ್ನದು, ಲಿಂಕು ಬಿಟ್ಟವಳು ನಾನು ಅಂದೆ.

"ಬುಡಿ ಅಕ್ಕ. ದೊಡ್ಡೋರು ಕೇಳುದ್ರೆ ನೀವ್ ತಾನೆ ಏನ್ ಮಾಡೀರಿ?"

ಬೈದಿದ್ದರೆ ವಾಸಿಯಿತ್ತು. ಅವಳು ಬಾಗಿಲ ಹತ್ತಿರ ಹೋದವಳು ತಿರುಗಿ, ಫೋನು ತೋರಿಸಿ, "ಇದು ನಂಗೂ ಪರ್ಮಿಸನ್ ಕೇಳ್ತದೆ" ಅಂದಳು.

ಎಲ್ಲರನ್ನೂ ಹೊರಗೆ ಹಾಕುವ ಆತುರದಲ್ಲಿ ಅವಳನ್ನೂ ಹಾಕಿಬಿಟ್ಟಿದ್ದೆ. ತನ್ನ ಗರಿ ನೋಡಲು ಅವಳು ನನ್ನ ಅಪ್ಪಣೆ ಕೇಳಬೇಕು. ನನ್ನ ಫೋನಿಗೆ ಅವಳ ಕೋರಿಕೆ ಬಂದು ಕೂತಿತ್ತು, ಅದರ ಕೆಳಗೇ ಇನ್ನೂ ಅರವತ್ತೋ ಎಪ್ಪತ್ತೋ ಗುರುತಿಲ್ಲದವರ ಕೋರಿಕೆಗಳು. ಅಷ್ಟರ ನಡುವೆ ಅವಳ ಬೆರಳುಗುರಿನಷ್ಟು ಫೋಟೋ. ಮೊದಲಿಂದಲೂ ಆ ಫೈಲು ನನ್ನ ಹೆಸರಿನಲ್ಲೇ ಇತ್ತು ಎಂಬುದು ನನಗೆ ಆಗ ಹೇಸಿಗೆಯಾಗಿ ಕಂಡಿತು. ಜಾಗ್ರತೆ ಜಾಗ್ರತೆ ಎಂದು ಕಾದವಳ ಕೈಯಲ್ಲೇ ಬೀಗದ ಕೈ, ಮಾಡಿದವಳ ಕೈಯಲ್ಲಿ ಏನೂ ಇಲ್ಲ. ಅವಳನ್ನು ಅಲ್ಲೇ ಕೂರಿಸಿ ಫೈಲಿನ ಒಡೆತನವನ್ನೇ ಅವಳ ಹೆಸರಿಗೆ ಮಾಡಿಕೊಟ್ಟೆ. ಇನ್ನು ಅವಳು ಬಿಟ್ಟರೆ ಉಂಟು, ನನಗೂ 'ನೋಡಲು ಮಾತ್ರ'. ಅವಳು ಸರಿ ಎಂದು ತಲೆಯಾಡಿಸಿ, ಎರಡು ಗಂಟೆಯ ಬಸ್ಸು ತಪ್ಪುತ್ತದೆ ಎಂದು ಮೆಟ್ಟಿಲಿಳಿದಳು. ನಾಳೆ ಬರುತ್ತೀಯಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿದೆ. ಉಟ್ಟಿದ್ದ ಸೀರೆಯನ್ನು ಬಕೆಟ್ಟಿಗೆ ಹಾಕಿದೆ. ಸಂಜೆ ಅದನ್ನು ಹಿತ್ತಲಿನಲ್ಲಿ ಹರವುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆ ಕರಿಬೇವು ಕೇಳಿದಳು. ಎರಡು ಎಸಳು ಮುರಿದುಕೊಟ್ಟೆ. ಒಳ್ಳೆಯ ಹೆಂಗಸು, ನನಗೆ ಜ್ವರ ಬಂದರೆ ಗಂಜಿ ಮಾಡಿ ತರುವವಳು. ಸೊಪ್ಪು ಮೂಸಿ, ಸೆರಗಿಗೆ ಕಟ್ಟಿಕೊಂಡು, ಹೊರಟವಳು ನಿಂತಳು.

"ಅಲ್ಲ ಕಣಕ್ಕ, ಬೆಲ್ಲದ್ ಚಿತ್ರ ಒಂದು ನಮ್ಮನೆಯೋರ್ ಫೋನ್ಗೆ ಬಂದಿತ್ತು, ಗರಿ ಗಿರಿ ಆಕಿ ಚೆಂದಾಗ್ ಮಾಡಿದ್ರು. ನಾನೂ ನಮ್ ಮೊಮ್ಮಗೀನ್ ಫೋಟೋ ಒಂದ್ ಮೂಲೇಗೆ ಅಂಟಿಸ್ದೆ. ಈಗ ತೋರ್ಸವಾ ಅಂತ ತೆಗುದ್ರೆ ಒಳಕ್ಕೇ ಬುಡ್ತಿಲ್ಲ. ಯಾವ್ ಒಟ್ಟೆಕಿಚ್ಚಿನ್ ಮುಂಡೇವು ಬಾಗ್ಲಾಕ್ಬುಟ್ವೋ!"